ಗದಗದ ಮಕ್ಕಳಿಗೆ ತತ್ತಿ ಇರಲಿಲ್ಲ, ಯಾದಗಿರಿಯವರಿಗೆ ಇತ್ತು: ಅಳೆದು ಹೋದವರು ನಮಗೆ ಏನು ಹೇಳಿದರು?

ರೋಣದ ಮಾಸ್ತರ

ನಮಸ್ಕಾರ. ಸ್ವಲ್ಪ ಉದ್ದ ಆಗಿದೆ, ಬೇಸರ ಮಾಡ್ಕೋಬೇಡಿ.

ಹೋದ ಮಂಗಳವಾರ ನಮ್ಮ ಶಾಲೆಗೆ ಜೀಪಿನಲ್ಲಿ ಆರು ಜನ ಬಂದಿದ್ದರು. ಯಾವುದೋ ಅಧ್ಯಯನಕ್ಕೆ. ಪತ್ರ ಇತ್ತು, ಹೆಡ್‌ಮಾಸ್ತರು ಹೂಂ ಅಂದರು. ಆರು, ಏಳನೇ ತರಗತಿಯ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ತೂಕ ನೋಡಿದರು. ಗೋಡೆಗೆ ಪಟ್ಟಿ ಅಂಟಿಸಿ ಎತ್ತರ ಅಳೆದರು. ಬೆರಳು ಚುಚ್ಚಿ ರಕ್ತ ನೋಡಿದರು. ಒಂದು ಪುಟ ಓದಿಸಿದರು. ಮನೆಯಲ್ಲಿ ಎಮ್ಮೆ ಎಷ್ಟು, ಪಾಯಖಾನೆ ಇದೆಯೋ ಇಲ್ಲವೋ, ಎಲ್ಲ ಕೇಳಿ ಬರೆದುಕೊಂಡರು. ಬಿಸಿಯೂಟದ ಹೊತ್ತಿಗೆ ಮುಗಿಸಿ ಹೊರಟರು. ಒಳ್ಳೆಯ ಹುಡುಗರೇ, ದೂರೇನಿಲ್ಲ.

ಮಧ್ಯಾಹ್ನ ಏಳನೇ ತರಗತಿಯ ಹುಡುಗಿಯೊಬ್ಬಳು ನನ್ನ ಟೇಬಲ್ ಹತ್ತಿರ ಬಂದು ನಿಂತಳು. ಹತ್ತಿಯನ್ನು ಇನ್ನೂ ಬೆರಳಿಗೆ ಒತ್ತಿ ಹಿಡಿದಿದ್ದಳು. ರಕ್ತ ನಿಂತು ಎರಡು ತಾಸು ಆಗಿತ್ತು. "ಸರ್, ನನ್ನ ರಕ್ತ ಚಲೋ ಐತೋ ಇಲ್ಲೋ? ಅವರು ಬರಕೊಂಡು ಹೋದರು, ಹೇಳಲೇ ಇಲ್ಲ."

ನನಗೂ ಗೊತ್ತಿರಲಿಲ್ಲ. "ಚಲೋನೇ ಇರ್ತದ, ಹೋಗು" ಅಂದೆ. ಸುಮ್ನೆ ಅಂದದ್ದು ಅದು.

ಆಗ ತತ್ತಿಯ ಅಧ್ಯಯನ ನೆನಪಾಯಿತು. 2021ರ ಡಿಸೆಂಬರ್‌ನಲ್ಲಿ ಸರ್ಕಾರ ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ ಮತ್ತು ವಿಜಯಪುರದಲ್ಲಿ ಶಾಲೆ ಮಕ್ಕಳಿಗೆ ತತ್ತಿ ಕೊಡಲು ಶುರು ಮಾಡಿತು. ನಮ್ಮ ಗದಗ ಆ ಪಟ್ಟಿಯಲ್ಲಿ ಇರಲಿಲ್ಲ. ನಂತರ ನಮ್ಮ ಗದಗದಲ್ಲೇ ಇರುವ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯದವರು ತತ್ತಿ ತಿಂದ ಯಾದಗಿರಿ ಮಕ್ಕಳನ್ನೂ ತತ್ತಿ ಇಲ್ಲದ ಗದಗದ ಮಕ್ಕಳನ್ನೂ ತೂಗಿ ಹೋಲಿಸಿದರು. ಎಂಟನೇ ತರಗತಿಯ ಹುಡುಗಿಯರಲ್ಲಿ ಯಾದಗಿರಿಯವರ ತೂಕದ ಏರಿಕೆ ನಮ್ಮವರಿಗಿಂತ ಶೇ 71ರವರೆಗೆ ಜಾಸ್ತಿ ಅಂತ 2022ರಲ್ಲಿ ಪೇಪರಿನಲ್ಲಿ ಓದಿದೆ. ಅಂದರೆ ಆ ಲೆಕ್ಕದಲ್ಲಿ ಹಿಂದೆ ಉಳಿದವರು ನಮ್ಮ ಮಕ್ಕಳು. ಅದನ್ನು ನಾನು ಪೇಪರಿನಲ್ಲಿ ಓದಬೇಕಾಯಿತು.

ಬಡ ಊರುಗಳ ಓದು, ಆರೋಗ್ಯ ಸುಧಾರಿಸಬೇಕಾದರೆ ಸಂಶೋಧನೆ ಬೇಕು ಅಂತ ಎಲ್ಲರೂ ಹೇಳುತ್ತಾರೆ. ಬೇಕು, ಸರಿ. ಅಳೆಸಿಕೊಂಡವರ ಕೈಗೆ ಅದು ಯಾವಾಗ ವಾಪಸ್ ಬರುತ್ತದೆ? ಗೊತ್ತಿದ್ದವರು ಹೇಳಿ.

---

ಹಳೇ ಹುಬ್ಬಳ್ಳಿ ಹುಡುಗ

ತತ್ತಿ ತಿಂದರೆ ಮಕ್ಕಳು ಬೆಳೀತಾರೆ ಅಂತ ಹೇಳೋಕೆ ವಿಶ್ವವಿದ್ಯಾಲಯ ಬೇಕಿತ್ತಾ? ನಮ್ಮ ಅಜ್ಜಿ ಪುಕ್ಕಟೆ ಹೇಳ್ತಿದ್ದಳು 😄

---

ಸಾಧನಕೇರಿ ಸಂಶೋಧಕಿ

ಧಾರವಾಡದಲ್ಲಿ ಪಿಎಚ್‌ಡಿ ಮಾಡ್ತಿದ್ದೇನೆ, ಹಾಗಾಗಿ ಬೈಗುಳ ನನಗೂ ಸೇರುತ್ತದೆ.

ಮೊದಲು ಮಾಸ್ತರಿಗೆ. ಗದಗದ ಮಕ್ಕಳ ತತ್ತಿಯನ್ನು ಅಧ್ಯಯನದವರು ಕಸಿದುಕೊಂಡಿರಲಿಲ್ಲ. ಅಪೌಷ್ಟಿಕತೆ ಜಾಸ್ತಿ ಇರುವ ಕಡೆ ಮೊದಲು ಅಂತ ಜಿಲ್ಲೆಗಳನ್ನು ಆರಿಸಿದ್ದು ಸರ್ಕಾರ. ಹೇಗಿದ್ದರೂ ಒಂದು ಕಡೆ ಇದೆ, ಇನ್ನೊಂದು ಕಡೆ ಇಲ್ಲ, ಹೋಲಿಸಿ ನೋಡೋಣ ಅಂತ ಇವರು ಹೋದರು. ಆಗಿನ ಗಲಾಟೆ ನೆನಪಿದೆಯಲ್ಲ? ಶಾಲೆಯಲ್ಲಿ ತತ್ತಿ ಕೊಡಬಾರದು ಅಂತ ಕೆಲವು ಮಠಗಳಿಂದ ವಿರೋಧ ಬಂದಿತ್ತು. ಆ ಹೊತ್ತಿನಲ್ಲಿ ಯಾರ ಅಜ್ಜಿಯ ಮಾತೂ ನಡೆಯುತ್ತಿರಲಿಲ್ಲ. ತೂಕದ ಪಟ್ಟಿ ಮುಂದಿಟ್ಟ ಮೇಲೆ ವಾದ ಮಾಡುವುದು ಕಷ್ಟ ಆಯಿತು. 2022ರಲ್ಲೇ ತತ್ತಿ ಇಡೀ ರಾಜ್ಯಕ್ಕೆ ಬಂತು, ಒಲ್ಲದವರಿಗೆ ಬಾಳೆಹಣ್ಣು ಇಲ್ಲವೇ ಚಿಕ್ಕಿ. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ದುಡ್ಡು ಸೇರಿ ವಾರಕ್ಕೆ ಆರು ದಿನ ಆಯಿತು. ಈಗ ನಿಮ್ಮ ಮಕ್ಕಳ ತಟ್ಟೆಯಲ್ಲಿರುವ ತತ್ತಿಯಲ್ಲಿ ಆ ಪಟ್ಟಿಯ ಪಾಲೂ ಇದೆ ಅಲ್ವಾ ಸರ್?

ಇನ್ನು ಅಜ್ಜಿಯ ವಿಷಯ. ನಿಮ್ಮ ಅಜ್ಜಿ ತತ್ತಿ ವಿಷಯದಲ್ಲಿ ಸರಿ. ಭೇದಿ ಆದ ಮಗುವಿಗೆ ನೀರು ಕೊಡಬೇಡಿ ಅನ್ನುವ ಅಜ್ಜಿಯರೂ ಇದ್ದರು. ನಮ್ಮ ಮನೆಯಲ್ಲೇ ಇದ್ದಳು. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಬಂಗಾಂವ್ ಶಿಬಿರದಲ್ಲಿ ಕಾಲರಾ ಬಂದಾಗ ಡಾ. ದಿಲೀಪ್ ಮಹಾಲನಬಿಸ್ ಹತ್ತಿರ ಡ್ರಿಪ್ ಬಾಟಲಿ ಸಾಲಲಿಲ್ಲ. ಉಪ್ಪು, ಸೋಡಾ, ಗ್ಲುಕೋಸ್ ನೀರಿನಲ್ಲಿ ಕಲಸಿ ಡ್ರಮ್‌ನಲ್ಲಿ ತುಂಬಿಟ್ಟರು, ಮನೆಯವರ ಕೈಯಿಂದಲೇ ಕುಡಿಸಿದರು. ಸಾವು ನೂರಕ್ಕೆ ಸುಮಾರು 30 ಇದ್ದದ್ದು 4ಕ್ಕಿಂತ ಕೆಳಗೆ ಇಳಿಯಿತು. ಇವತ್ತು ಓಆರ್‌ಎಸ್ ಪೊಟ್ಟಣ ಕಿರಾಣಿ ಅಂಗಡಿಯಲ್ಲೂ ಸಿಗುತ್ತದೆ.

ಎಲ್ಲರಿಗೂ "ಇದು ಗೊತ್ತೇ ಇದೆ" ಅನ್ನಿಸಿದ್ದು ಕೆಲವು ಸಲ ಪೂರ್ತಿ ಉಲ್ಟಾ ಆಗುತ್ತದೆ. ಕೀನ್ಯಾದಲ್ಲಿ ಪುಸ್ತಕ ಇಲ್ಲದ ಶಾಲೆಗಳಿಗೆ ಪಠ್ಯಪುಸ್ತಕ ಕೊಟ್ಟು ನೋಡಿದರು. ಮೈಕೆಲ್ ಕ್ರೆಮರ್ ಮತ್ತು ಸಂಗಡಿಗರ ಕೆಲಸ ಅದು, 2019ರ ಅರ್ಥಶಾಸ್ತ್ರದ ನೊಬೆಲ್ ಮೂವರಿಗೆ ಹಂಚಿ ಬಂತಲ್ಲ, ಅದರಲ್ಲಿ ಒಬ್ಬರು ಅವರು. ಪುಸ್ತಕದಿಂದ ಲಾಭ ಆದದ್ದು ಮೊದಲೇ ಜಾಣರಾಗಿದ್ದ ಮಕ್ಕಳಿಗೆ ಮಾತ್ರ. ಉಳಿದವರಿಗೆ ಏನೂ ಇಲ್ಲ. ಪುಸ್ತಕ ಇಂಗ್ಲಿಷಿನಲ್ಲಿತ್ತು, ಆ ಮಕ್ಕಳಲ್ಲಿ ಬಹಳ ಜನಕ್ಕೆ ಅದು ಮೂರನೇ ಭಾಷೆ. ನಮ್ಮ ಊರುಗಳಲ್ಲಿ ಇಂಗ್ಲಿಷ್ ಮೀಡಿಯಂ ಬೋರ್ಡ್ ಹಾಕುವವರು ಇದನ್ನು ಒಂದು ಸಲ ಓದಬೇಕು.

ಮಾಸ್ತರೇ, ಒಂದು ಪ್ರಶ್ನೆ. ಪಾಲಕರ ಸಹಿ ತಗೊಂಡಿದ್ರಾ? ಐಸಿಎಂಆರ್ (ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಮಾರ್ಗಸೂಚಿ ಪ್ರಕಾರ ಏಳು ವರ್ಷ ದಾಟಿದ ಮಗುವನ್ನೂ "ನಿನಗೆ ಒಪ್ಪಿಗೆನಾ?" ಅಂತ ಕೇಳಬೇಕು.

---

ರೋಣದ ಮಾಸ್ತರ

ಸಹಿ ಇತ್ತಮ್ಮ. ಹಿಂದಿನ ವಾರ ಫಾರ್ಮು ಮನೆಮನೆಗೆ ಕಳಿಸಿ ಸಹಿ ಹಾಕಿಸಿದ್ದು ನಾನೇ. ನಾನೂ ಪೂರ್ತಿ ಓದಿರಲಿಲ್ಲ, ಖರೇ ಹೇಳ್ತೀನಿ. ಕನ್ನಡದಲ್ಲೇ ಇತ್ತು, ಆದರೆ "ಸಹಭಾಗಿಯ ದತ್ತಾಂಶದ ಗೌಪ್ಯತೆಯನ್ನು ಸಂರಕ್ಷಿಸಲಾಗುವುದು" ಅನ್ನುವ ಕನ್ನಡ. ಬಹಳ ತಾಯಂದಿರು ಹೆಬ್ಬೆಟ್ಟು ಒತ್ತಿ ಕಳಿಸಿದರು. ಮಕ್ಕಳನ್ನು ಯಾರೂ ಕೇಳಿದ್ದು ನಾನು ನೋಡಲಿಲ್ಲ.

---

ಲೇಬರ್ ರೂಮ್ ಸಿಸ್ಟರ್, ಹುಬ್ಬಳ್ಳಿ

ನೈಟ್ ಡ್ಯೂಟಿ ಮುಗಿಸಿ ಬಂದು ಓದಿದೆ. ನಿದ್ದೆ ಬರಲಿಲ್ಲ, ಅದಕ್ಕೇ ಬರೀತಿದ್ದೇನೆ.

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಹೆರಿಗೆ ಆದ ಮೇಲೆ ರಕ್ತ ಎಷ್ಟು ಹೋಯಿತು ಅನ್ನುವುದನ್ನು ಕಣ್ಣಳತೆಯಲ್ಲಿ ಬರೆಯುತ್ತಿದ್ದೆವು. ಬಟ್ಟೆ ನೋಡುವುದು, ನೆಲ ನೋಡುವುದು, "ಮುನ್ನೂರು ಎಂಎಲ್" ಅಂತ ಬರೆಯುವುದು. 500 ದಾಟಿದರೆ ಅಪಾಯ. ಆದರೆ ದಾಟಿದ್ದು ಗೊತ್ತಾಗುವ ಹೊತ್ತಿಗೆ ಬಾಣಂತಿಯ ತುಟಿ ಬಿಳಿಚಿರುತ್ತಿತ್ತು.

ನಮ್ಮ ಪಕ್ಕದ ಬೆಳಗಾವಿಯಲ್ಲಿ ಜೆಎನ್‌ಎಂಸಿ ಮೆಡಿಕಲ್ ಕಾಲೇಜಿನವರು 2002ರಿಂದ 2005ರವರೆಗೆ ಹಳ್ಳಿಗಳಲ್ಲಿ ಒಂದು ಅಧ್ಯಯನ ಮಾಡಿದರು. 1,620 ಹೆಂಗಸರು. ಹೆರಿಗೆ ಮಾಡಿಸಿದ್ದು ಎಎನ್‌ಎಂ ಸಿಸ್ಟರ್‌ಗಳು, ಡಾಕ್ಟರ್ ಅಲ್ಲ. ಮಗು ಹೊರಬಂದ ಕೂಡಲೇ ಅರ್ಧ ಜನಕ್ಕೆ ರಕ್ತಸ್ರಾವ ತಡೆಯುವ ಮಿಸೊಪ್ರೊಸ್ಟಾಲ್ ಗುಳಿಗೆ ಬಾಯಿಗೆ, ಉಳಿದ ಅರ್ಧ ಜನಕ್ಕೆ ಔಷಧಿ ಇಲ್ಲದ ಖಾಲಿ ಗುಳಿಗೆ. ಗುಳಿಗೆಗೆ ಫ್ರಿಜ್ ಬೇಡ, ಸೂಜಿ ಬೇಡ. ಜಾಸ್ತಿ ರಕ್ತ ಹೋದದ್ದು ಖಾಲಿ ಗುಳಿಗೆಯವರಲ್ಲಿ ನೂರಕ್ಕೆ 12 ಜನಕ್ಕೆ, ಔಷಧಿಯವರಲ್ಲಿ ನೂರಕ್ಕೆ 6.4. 2006ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. 2011ರಲ್ಲಿ ಡಬ್ಲ್ಯುಎಚ್‌ಒ ಈ ಕೆಲಸಕ್ಕೆ ಈ ಗುಳಿಗೆಯನ್ನು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು.

ಗುಳಿಗೆಗಿಂತ ನನಗೆ ಇಷ್ಟ ಅದೇ ಅಧ್ಯಯನದ ಪ್ಲಾಸ್ಟಿಕ್ ಹಾಳೆ. ರಕ್ತವನ್ನು ಸರಿಯಾಗಿ ಅಳೆಯಬೇಕಲ್ಲ, ಅದಕ್ಕೆ ಬೆಳಗಾವಿಯಲ್ಲೇ ಒಂದು ಡ್ರೇಪ್ ಮಾಡಿಕೊಂಡರು. ಬಾಣಂತಿಯ ಸೊಂಟದ ಕೆಳಗೆ ಹಾಸುವುದು, ಸೊಂಟಕ್ಕೆ ದಾರ ಕಟ್ಟುವುದು. ಕೆಳಗೆ ಲಾಳಿಕೆಯಂಥ ಚೀಲ, ಚೀಲದ ಮೇಲೆ ಗೆರೆಗಳು. ಮನೆಯಲ್ಲಿ ಹಾಲಿನ ಅಳತೆ ಲೋಟ ಇರುತ್ತಲ್ಲ, ಹಾಗೇ. ಅದನ್ನು ಹಾಸಿ ನೋಡಿದಾಗ ಗೊತ್ತಾಯಿತು, ಕಣ್ಣಳತೆಯಲ್ಲಿ ಬರೆದದ್ದು ನಿಜಕ್ಕಿಂತ ಶೇ 33ರಷ್ಟು ಕಡಿಮೆ ಇತ್ತು. ನಾನು ಬರೆಯುತ್ತಿದ್ದ ಮುನ್ನೂರು ಎಷ್ಟಿತ್ತೋ ಏನೋ. ಇದನ್ನು ಓದಿದ ರಾತ್ರಿ ಹಳೆಯ ಒಂದೆರಡು ಮುಖ ಕಣ್ಣ ಮುಂದೆ ಬಂದವು.

ಅಂಥದ್ದೇ ಗೆರೆ ಹಾಕಿದ ಡ್ರೇಪ್ ಇಟ್ಟುಕೊಂಡು ಆಫ್ರಿಕಾದ ನಾಲ್ಕು ದೇಶಗಳ 80 ಆಸ್ಪತ್ರೆಗಳಲ್ಲಿ ದೊಡ್ಡ ಅಧ್ಯಯನ ಆಯಿತು. ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ಟಾಂಜಾನಿಯಾ. ಗೆರೆ ದಾಟಿದ ಕೂಡಲೇ ಮಸಾಜು, ಔಷಧಿ, ಡ್ರಿಪ್, ಪರೀಕ್ಷೆ ಎಲ್ಲ ಒಂದೇ ಸಲ, ಒಂದರ ಹಿಂದೆ ಒಂದು ಅಂತ ಕಾಯುವುದಿಲ್ಲ. ತೀವ್ರ ರಕ್ತಸ್ರಾವ, ಅದಕ್ಕಾಗಿ ಹೊಟ್ಟೆ ಕೊಯ್ಯುವುದು, ಸಾವು ಎಲ್ಲ ಸೇರಿ ಶೇ 60ರಷ್ಟು ಕಡಿಮೆಯಾಯಿತು. 2023ರ ಮಾತು ಇದು.

ಮಾಸ್ತರೇ, ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ. ಆ ಚೀಲದ ಮೇಲಿನ ಗೆರೆ ಓದುವವಳು ನಾನು. ಅಂಕಿ ಎಲ್ಲೋ ಜೀಪಿನಲ್ಲಿ ಹೋಗುವುದಿಲ್ಲ, ನನ್ನ ಕಣ್ಣೆದುರೇ ಇರುತ್ತದೆ, ಆ ಕ್ಷಣದಲ್ಲೇ ಕೆಲಸಕ್ಕೆ ಬರುತ್ತದೆ. ನಿಮ್ಮ ಹುಡುಗಿಯ ಬೆರಳಿನ ಅಂಕಿ ಹಾಗಾಗಲಿಲ್ಲ, ಅದೇ ತಪ್ಪು.

---

ಹಳೇ ಹುಬ್ಬಳ್ಳಿ ಹುಡುಗ

ಸಿಸ್ಟರ್, ತಮಾಷೆ ಮಾಡಿದ್ದಕ್ಕೆ ಕ್ಷಮಿಸಿ. ಒಂದು ಕೇಳ್ತೀನಿ. ಅರ್ಧ ಜನಕ್ಕೆ ಖಾಲಿ ಗುಳಿಗೆ ಕೊಟ್ಟರಲ್ಲ? ಅದು ಸರೀನಾ?

---

ಲೇಬರ್ ರೂಮ್ ಸಿಸ್ಟರ್, ಹುಬ್ಬಳ್ಳಿ

ಕೇಳಬೇಕಾದ ಪ್ರಶ್ನೆನೇ. ಆ ಕಾಲಕ್ಕೆ ಹಳ್ಳಿ ಹೆರಿಗೆಯಲ್ಲಿ ರಕ್ತ ನಿಲ್ಲಿಸುವ ಇಂಜೆಕ್ಷನ್ ಇರುತ್ತಿರಲಿಲ್ಲ, ಅದನ್ನು ತಂಪಾಗಿ ಇಡಬೇಕು. ಇದ್ದ ಔಷಧಿಯನ್ನು ಯಾರಿಂದಲೂ ತಪ್ಪಿಸಲಿಲ್ಲ. ಗುಳಿಗೆ ಕೆಲಸ ಮಾಡುತ್ತದೋ ಇಲ್ಲವೋ ಅಂತ ಆಗ ಯಾರಿಗೂ ಖಾತ್ರಿ ಇರಲಿಲ್ಲ. ಆದರೂ ನನ್ನ ಅಕ್ಕನಿಗೆ ಖಾಲಿ ಗುಳಿಗೆ ಬಂದಿದ್ದರೆ ನಾನು ಇಷ್ಟು ಸಮಾಧಾನವಾಗಿ ಬರೆಯುತ್ತಿದ್ದೆನೋ ಇಲ್ಲವೋ.

---

ಮುಂಡರಗಿ ಬೋರ್‌ವೆಲ್

ನೀವು ಒಳ್ಳೆಯ ಕಥೆ ಹೇಳ್ತಿದ್ದೀರಿ. ನಮ್ಮ ಕಡೆದೂ ಕೇಳಿ.

ನಮ್ಮ ಭಾಗದ ಅಂತರ್ಜಲದಲ್ಲಿ ಫ್ಲೋರೈಡ್ ಇದೆ. ಒಂದು ಲೀಟರಿಗೆ 1 ಮಿಲಿಗ್ರಾಂ ಒಳಗೆ ಇರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ. ಅದು ಮೀರಿದ ನೀರನ್ನು ಚಿಕ್ಕಂದಿನಿಂದ ಕುಡಿದರೆ ಹಲ್ಲು ಮೂಡುವಾಗಲೇ ಕಲೆ. ನಂತರ ಎಷ್ಟು ಉಜ್ಜಿದರೂ ಹೋಗುವುದಿಲ್ಲ. ನಾನು ಫೋಟೋದಲ್ಲಿ ಬಾಯಿ ಮುಚ್ಚಿಯೇ ನಗುವುದು, ಮದುವೆ ಫೋಟೋದಲ್ಲೂ ಅಷ್ಟೇ.

ಬಾಟಲಿಯಲ್ಲಿ ನೀರು ತುಂಬಿಕೊಂಡು ಹೋದವರನ್ನು ನಾನು ಹುಡುಗನಾಗಿದ್ದಾಗಿಂದ ನೋಡಿದ್ದೇನೆ. ಬಾಯಿ ತೆಗೆಸಿ ಹಲ್ಲು ನೋಡಿದವರು, ಫೋಟೋ ಹೊಡೆದವರು ಎಷ್ಟೋ ಜನ. ಯಾರೋ ಡಿಗ್ರಿ ತಗೊಂಡಿರಬೇಕು, ಒಳ್ಳೆಯದಾಗಲಿ. "ಈ ಬೋರಿನ ನೀರು ದನಕ್ಕೆ, ಆ ಬೋರಿನದು ಕುಡಿಯಲಿಕ್ಕೆ" ಅಂತ ಒಂದು ಚೀಟಿ ಬರೆದು ಪಂಚಾಯಿತಿ ಗೋಡೆಗೆ ಹಚ್ಚಿದವರು ಒಬ್ಬರೂ ಇಲ್ಲ. ನಮ್ಮ ಮನೆಯಲ್ಲಿ ಬಹಳ ವರ್ಷ ಆ ನೀರನ್ನೇ ಕುದಿಸಿ ಕುಡಿದೆವು, ಕುದಿಸಿದರೆ ಎಲ್ಲ ಹೋಗುತ್ತದೆ ಅಂತ. ಕುದಿಸಿದರೆ ನೀರು ಆರುತ್ತದೆ, ಫ್ಲೋರೈಡ್ ಅಲ್ಲೇ ಉಳಿದು ಇನ್ನೂ ಗಟ್ಟಿಯಾಗುತ್ತದೆ ಅಂತ ನನಗೆ ಗೊತ್ತಾದದ್ದು ಮೊನ್ನೆ ಮೊನ್ನೆ, ಯೂಟ್ಯೂಬಿನಲ್ಲಿ.

---

ಹಾವೇರಿ ಆಶಾ

ಅಣ್ಣಾ, ನಿಮ್ಮ ಮಾತು ಓದಿ ಹೊಟ್ಟೆ ಚುರುಕ್ ಅಂತು.

ನಾನು ಆಶಾ ಕಾರ್ಯಕರ್ತೆ. ನಮ್ಮ ಟ್ರೇನಿಂಗ್‌ನಲ್ಲಿ ಗಡಚಿರೋಲಿ ವಿಷಯ ಹೇಳಿದ್ದರು. ಮಹಾರಾಷ್ಟ್ರದ ಕಾಡಿನ ಜಿಲ್ಲೆ ಅದು. ಡಾ. ಅಭಯ್ ಬಂಗ್, ಡಾ. ರಾಣಿ ಬಂಗ್ ಗಂಡ ಹೆಂಡತಿ ಅಲ್ಲಿ ಹಳ್ಳಿಯ ಹೆಣ್ಣುಮಕ್ಕಳಿಗೇ ಹಸುಗೂಸು ನೋಡಿಕೊಳ್ಳುವುದನ್ನು ಕಲಿಸಿದರು. ಉಸಿರು ಎಣಿಸುವುದು, ಬೆಚ್ಚಗೆ ಸುತ್ತುವುದು, ತೂಕ ಮಾಡುವುದು, ಸೋಂಕು ಗುರುತಿಸಿ ಔಷಧಿ ಕೊಡುವುದು. 39 ಹಳ್ಳಿಗಳಲ್ಲಿ ಮಾಡಿ, ಇನ್ನು 47 ಹಳ್ಳಿಗಳ ಜೊತೆ ಹೋಲಿಸಿದರು. ಮೂರನೇ ವರ್ಷಕ್ಕೆ ಹಸುಗೂಸುಗಳ ಸಾವು ಶೇ 62ರಷ್ಟು ಕಡಿಮೆ. 1999ರಲ್ಲಿ ಅದು ಪ್ರಕಟವಾಯಿತು. ದೇಶದ ಎಲ್ಲ ಆಶಾಗಳ ಕೆಲಸವಾಗಿ ಬಂದದ್ದು 2011ರಲ್ಲಿ. ನಡುವೆ 12 ವರ್ಷ!

ಈಗ ನಾನು ಮೂರನೇ ದಿನ, ಏಳು, ಹದಿನಾಲ್ಕು, ಇಪ್ಪತ್ತೊಂದು, ಇಪ್ಪತ್ತೆಂಟು, ನಲವತ್ತೆರಡು, ಹೀಗೆ ಆರು ಸಲ ಬಾಣಂತಿ ಮನೆಗೆ ಹೋಗುತ್ತೇನೆ. ಜೋಳಿಗೆ ತಕ್ಕಡಿಯಲ್ಲಿ ಕೂಸನ್ನು ಮಲಗಿಸಿ ಎತ್ತಿದಾಗ ಮನೆಯವರೆಲ್ಲ ಮುಳ್ಳನ್ನೇ ನೋಡುತ್ತಾರೆ. ಅಜ್ಜಿ ಮೊದಲು "ದೃಷ್ಟಿ ಆಗ್ತದ, ತೂಗಬ್ಯಾಡ" ಅಂತಾಳೆ. ಎರಡನೇ ಸಲ ಹೋದಾಗ ಅವಳೇ "ಎಷ್ಟು ಏರಿತವ್ವಾ?" ಅಂತ ಕೇಳ್ತಾಳೆ. ಆರೂ ಸಲ ಹೋಗಿ ಬಂದರೆ 250 ರೂಪಾಯಿ. ಅದು ಬೇರೆ ಜಗಳ, ಇಲ್ಲಿ ಬೇಡ.

ಆದರೆ ಯಾರೇ ಅಧ್ಯಯನಕ್ಕೆ ಬರಲಿ, ಮನೆ ತೋರಿಸುವವಳು ನಾನು. "ಇವರು ಯಾಕೆ ಬಂದಿದ್ದರು, ಏನಾಯ್ತು?" ಅಂತ ಆಮೇಲೆ ಜನ ಕೇಳುವುದೂ ನನ್ನನ್ನೇ.

---

ರಾಣೆಬೆನ್ನೂರು ಬೀಜದಂಗಡಿ

ನಾನು ಡಾಕ್ಟರೂ ಅಲ್ಲ, ಮಾಸ್ತರೂ ಅಲ್ಲ, ಬೀಜ ಮಾರುವವನು. ಆದರೂ ಒಂದು ಮಾತು.

ಧಾರವಾಡ ಕೃಷಿ ವಿಶ್ವವಿದ್ಯಾಲಯದವರು, ನಮ್ಮ ಹನುಮನಮಟ್ಟಿ ಕೃಷಿ ವಿಜ್ಞಾನ ಕೇಂದ್ರದವರು ಹೊಸ ತಳಿ ಪರೀಕ್ಷೆ ಮಾಡುವಾಗ ಏನು ಮಾಡುತ್ತಾರೆ? ರೈತನ ಹೊಲದಲ್ಲೇ ಒಂದು ಪಟ್ಟಿ ಹೊಸದು, ಪಕ್ಕದ ಪಟ್ಟಿ ಅವನದೇ ಹಳೆಯದು. ನಡುವೆ ಒಂದು ಬದು. ಬೆಳೆ ಕೊಯ್ಲಿಗೆ ಬಂದಾಗ ಕ್ಷೇತ್ರೋತ್ಸವ. ಸುತ್ತಲಿನ ಹಳ್ಳಿಯವರೆಲ್ಲ ಬಂದು ಬದುವಿನ ಮೇಲೆ ನಿಂತು ಎರಡೂ ಕಡೆ ನೋಡುತ್ತಾರೆ. ತೆನೆ ಮುರಿದು ಕೈಯಲ್ಲಿ ಹಿಡಿದು ತೂಗುತ್ತಾರೆ. ಆ ಹೊಲದ ರೈತನೇ ಮಾತಾಡುತ್ತಾನೆ. ಹೊಸ ತಳಿ ಸೋತಿದ್ದರೆ ಅದನ್ನೂ ಅಲ್ಲೇ ಹೇಳುತ್ತಾನೆ, ಸಾಹೇಬರ ಮುಖ ಆಗ ನೋಡಬೇಕು. ನನ್ನ ಅಂಗಡಿಯ ವ್ಯಾಪಾರ ಆ ವರ್ಷ ಆ ಬದುವಿನ ಮೇಲೆ ನಿರ್ಧಾರ ಆಗುತ್ತದೆ.

ಗೋವಿನಜೋಳಕ್ಕೆ ಇಷ್ಟು ಮರ್ಯಾದೆ ಇದೆ. ಮಕ್ಕಳನ್ನು ಅಳೆದ ಮೇಲೆ ಕ್ಷೇತ್ರೋತ್ಸವ ಯಾಕಿಲ್ಲ? ಯಾದಗಿರಿ ಒಂದು ಪಟ್ಟಿ, ಗದಗ ಒಂದು ಪಟ್ಟಿ ಅಂತ ಇಟ್ಕೊಳ್ಳಿ. ಬದುವಿನ ಮೇಲೆ ತಾಯಂದಿರನ್ನು ಕರೆದು ನಿಲ್ಲಿಸಿದವರು ಯಾರು?

---

ಸಾಧನಕೇರಿ ಸಂಶೋಧಕಿ

ಇದನ್ನು ನಮ್ಮ ಗೈಡ್‌ಗೆ ಹಾಗೇ ಕಳಿಸುತ್ತೇನೆ.

ನಮ್ಮ ಕಡೆಯ ತೊಂದರೆಯನ್ನೂ ಹೇಳಬೇಕು. ದುಡ್ಡು ಅಂಕಿ ಕೂಡಿಸುವವರೆಗೆ ಇರುತ್ತದೆ, ವಾಪಸ್ ಹೋಗಿ ಹೇಳುವುದಕ್ಕೆ ಇರುವುದಿಲ್ಲ. ಪ್ರಬಂಧ ಒಪ್ಪಿಸಿದರೆ ನನಗೆ ಡಿಗ್ರಿ. ಊರಿಗೆ ಹೋಗಿ ಹೇಳಿದರೆ ಬಸ್ ಚಾರ್ಜು ಮಾತ್ರ. ಇದು ನೆಪ ಅಂತ ನನಗೂ ಗೊತ್ತು. ನಾನೂ ಕಲಘಟಗಿ ಕಡೆ ಮೂರು ಹಳ್ಳಿಯಲ್ಲಿ ಪ್ರಶ್ನಾವಳಿ ತುಂಬಿಸಿಕೊಂಡು ಬಂದಿದ್ದೇನೆ, ವಾಪಸ್ ಹೋಗಿಲ್ಲ.

ಓದಿನ ವಿಷಯ ಬೇರೆ ಯಾರೂ ಎತ್ತಲಿಲ್ಲ, ಅದಕ್ಕೆ ಚಿಕ್ಕದಾಗಿ. ಮುಂಬೈ, ವಡೋದರಾದಲ್ಲಿ ಪ್ರಥಮ್ ಸಂಸ್ಥೆಯವರು ಓದಿನಲ್ಲಿ ಹಿಂದುಳಿದ ಮಕ್ಕಳನ್ನು ಬೇರೆ ಕೂರಿಸಿ, ಅವರಿಗೆ ಬರುವಲ್ಲಿಂದ ಕಲಿಸಿದರು. ಕಲಿಸಿದ್ದು ಅದೇ ಬಡಾವಣೆಯ ಹುಡುಗಿಯರು, "ಬಾಲಸಖಿ" ಅಂತ ಹೆಸರು. ಕ್ರೆಮರ್ ಜೊತೆ ನೊಬೆಲ್ ಹಂಚಿಕೊಂಡ ಉಳಿದಿಬ್ಬರು ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ, ಅವರ ತಂಡ ಅಳೆದು ನೋಡಿದಾಗ ಮಕ್ಕಳ ಅಂಕ ಚೆನ್ನಾಗಿ ಏರಿತ್ತು. ಹಳ್ಳಿ ಮಕ್ಕಳ ಓದು, ಲೆಕ್ಕ ಅಳೆಯುವ, 2005ರಿಂದ ಬರುತ್ತಿರುವ ಅಸರ್ ವರದಿಯ ಓದಿನ ಪರೀಕ್ಷೆಯೂ ಸರಳ: ಅಕ್ಷರ, ಪದ, ಒಂದು ಪ್ಯಾರಾ, ಎರಡನೇ ತರಗತಿ ಮಟ್ಟದ ಕಥೆ. ಒಂದೇ ಹಾಳೆ. ಮಗು ಎಲ್ಲಿ ನಿಲ್ಲುತ್ತದೆ ಅಂತ ತಾಯಿಯೂ ಪಕ್ಕದಲ್ಲಿ ಕೂತು ನೋಡಬಹುದು. ಸಿಸ್ಟರ್ ಹೇಳಿದ ಚೀಲದ ಗೆರೆ ಥರವೇ.

---

ಗದಗ ಬೆಟಗೇರಿ ನೇಕಾರ

ರಾಜಸ್ಥಾನದ ಉದಯಪುರದ ಕಡೆ ಮಕ್ಕಳಿಗೆ ಲಸಿಕೆ ಹಾಕಿಸಿದರೆ ಬೇಳೆ ಕೊಟ್ಟರಂತಲ್ಲ, ಅದು ನಿಜವಾ?

---

ಸಾಧನಕೇರಿ ಸಂಶೋಧಕಿ

ನಿಜ. ಸೇವಾ ಮಂದಿರ್ ಅನ್ನುವ ಸಂಸ್ಥೆ ಜೊತೆ ಇದೇ ಬ್ಯಾನರ್ಜಿ, ಡುಫ್ಲೊ ತಂಡ. ಏನೂ ಮಾಡದ ಹಳ್ಳಿಗಳಲ್ಲಿ ಪೂರ್ತಿ ಲಸಿಕೆ ಆದ ಮಕ್ಕಳು ನೂರಕ್ಕೆ 6. ತಪ್ಪದೆ ತಿಂಗಳಿಗೊಂದು ಶಿಬಿರ ಮಾಡಿದ ಹಳ್ಳಿಗಳಲ್ಲಿ 18. ಶಿಬಿರದ ಜೊತೆ ಪ್ರತಿ ಸಲ ಒಂದು ಕಿಲೋ ಬೇಳೆ, ಪೂರ್ತಿ ಆದ ಮೇಲೆ ಊಟದ ತಟ್ಟೆ ಕೊಟ್ಟ ಕಡೆ 39. ಲಂಚ ಅಂದವರೂ ಇದ್ದಾರೆ. ಒಂದು ದಿನದ ಕೂಲಿ ಬಿಟ್ಟು ಬರುವ ತಾಯಿಗೆ ಬೇಳೆ ಲಂಚ ಅಂತ ನನಗೆ ಅನ್ನಿಸುವುದಿಲ್ಲ.

---

ರೋಣದ ಮಾಸ್ತರ

ನಾಲ್ಕು ದಿನ ಆಯಿತು, ಒಂದು ಸುದ್ದಿ ಹೇಳಬೇಕು.

ಬೀಜದಂಗಡಿ ಸಾಹುಕಾರರ ಮಾತು ತಲೆಯಲ್ಲಿ ಕೂತುಬಿಟ್ಟಿತ್ತು. ಹಳೆಯ ಫಾರ್ಮು ಹುಡುಕಿ ಮೊದಲ ಸಲ ಪೂರ್ತಿ ಓದಿದೆ. ಕೊನೆಯ ಪುಟದಲ್ಲಿ ಒಂದು ಫೋನ್ ನಂಬರ್ ಇತ್ತು. ಫೋನ್ ಮಾಡಿ, "ನಮ್ಮ ಮಕ್ಕಳ ಅಂಕಿ ನಮಗೆ ಬೇಕು" ಅಂದೆ. ಅತ್ತ ಕಡೆಯ ಹುಡುಗ ಸ್ವಲ್ಪ ಹೊತ್ತು ಸುಮ್ಮನಾದ. ಇದುವರೆಗೆ ಯಾರೂ ಕೇಳಿರಲಿಲ್ಲವಂತೆ. ಮೇಲಿನವರನ್ನು ಕೇಳಿ, ಮರುದಿನ ಸಂಜೆ ಪಟ್ಟಿ ಕಳಿಸಿದ. ಅಷ್ಟೇ ಇತ್ತು ಕೆಲಸ. ನಾನು ಇಲ್ಲಿ ಉದ್ದಕ್ಕೆ ಬರೆದು ಬೈದದ್ದು ನೆನೆಸಿಕೊಂಡು ನಾಚಿಕೆ ಆಯಿತು, ಸಿಟ್ಟೂ ಪೂರ್ತಿ ಹೋಗಿಲ್ಲ.

ಪಟ್ಟಿಯನ್ನು ನೋಟಿಸ್ ಬೋರ್ಡಿಗೆ ಹಚ್ಚಬೇಕು ಅಂತಿದ್ದೆ. ಸಿಸ್ಟರಿಗೆ ಮೆಸೇಜ್ ಹಾಕಿದಾಗ ಬೈದರು. ಸರಿಯಾಗೇ ಬೈದರು.

---

ಲೇಬರ್ ರೂಮ್ ಸಿಸ್ಟರ್, ಹುಬ್ಬಳ್ಳಿ

ಮತ್ತೇನು ಮಾಡಲಿ! ಹೆಣ್ಣುಮಕ್ಕಳ ತೂಕ, ರಕ್ತ ಎಲ್ಲ ಗೋಡೆಗೆ ಹಚ್ಚಿದರೆ ನಾಳೆಯಿಂದ ಅಡ್ಡಹೆಸರು ಇಟ್ಟು ಕಾಡುತ್ತಾರೆ. ಒಬ್ಬೊಬ್ಬರಿಗೆ ಒಂದೊಂದು ಚೀಟಿ, ಅವರ ಕೈಗೆ, ಅವರ ತಾಯಿಗೆ. ಇಡೀ ತರಗತಿಯ ಲೆಕ್ಕ ಬೇಕಾದರೆ ಹೆಸರಿಲ್ಲದೆ ಹೇಳಿ.

ಉಳಿದವರಿಗೂ ಉಪಯೋಗ ಆಗಲಿ ಅಂತ ಇಲ್ಲೇ ಬರೀತೇನೆ. ಆ ವಯಸ್ಸಿನ ಹುಡುಗಿಯರಿಗೆ, ಅಂದರೆ 12ರಿಂದ 14 ವರ್ಷ, ಹಿಮೋಗ್ಲೋಬಿನ್ 12 ಇರಬೇಕು. ಅದಕ್ಕಿಂತ ಕಡಿಮೆ ಇದ್ದರೆ ಪಿಎಚ್‌ಸಿಗೆ ಕರೆದುಕೊಂಡು ಹೋಗಿ. 8ಕ್ಕಿಂತ ಕೆಳಗಿದ್ದರೆ ಅದೇ ದಿನ. ರಕ್ತಹೀನತೆ ನಮ್ಮ ರಾಜ್ಯದಲ್ಲಿ ಅಪರೂಪದ್ದಲ್ಲ. 2019-21ರ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಹೆಂಗಸರಲ್ಲಿ ನೂರಕ್ಕೆ ಸುಮಾರು 48 ಜನಕ್ಕೆ ಇತ್ತು. ಕಬ್ಬಿಣದ ಗುಳಿಗೆ ಊಟ ಆದ ಮೇಲೆ ನುಂಗಲಿ, ಅದರ ಹಿಂದೆಯೇ ಚಹಾ ಬೇಡ. ಊಟದಲ್ಲಿ ಲಿಂಬೆ ಹಿಂಡಿಕೊಳ್ಳಲಿ. ಬರೀ ತೂಕ ನೋಡಿ ಏನೂ ಹೇಳಬೇಡಿ, ವಯಸ್ಸು, ಎತ್ತರ ಸೇರಿಸಿ ನೋಡಬೇಕು. ಶಾಲೆಗೆ ವರ್ಷಕ್ಕೊಮ್ಮೆ ಮಕ್ಕಳ ಆರೋಗ್ಯ ತಪಾಸಣೆಗೆ ಸರ್ಕಾರದ ಆರ್‌ಬಿಎಸ್‌ಕೆ ತಂಡ ಬರುತ್ತದಲ್ಲ, ಅವರನ್ನು ಕೇಳಿ.

---

ಮುಂಡರಗಿ ಬೋರ್‌ವೆಲ್

ಮಾಸ್ತರೇ, ನೀವು ಫೋನಿನಲ್ಲಿ ಹೇಗೆ ಕೇಳಿದಿರಿ ಅಂತ ನನಗೆ ಬರೆದು ಕಳಿಸಿ. ನಮ್ಮ ನೀರಿನ ಬಾಟಲಿ ಒಯ್ದವರ ನಂಬರೂ ಪಂಚಾಯಿತಿಯ ಯಾವುದೋ ಫೈಲಿನಲ್ಲಿ ಇರಲೇಬೇಕು.

---

ರೋಣದ ಮಾಸ್ತರ

ಕಳಿಸುತ್ತೇನೆ ಅಣ್ಣಾ.

ಇವತ್ತು ಚೀಟಿ ಕೊಟ್ಟೆ. ಒಬ್ಬೊಬ್ಬರನ್ನೇ ಆಫೀಸಿಗೆ ಕರೆದು ಕೊಟ್ಟೆ, ಅರ್ಧ ದಿನ ಅದಕ್ಕೇ ಹೋಯಿತು. ಒಂಬತ್ತು ಮಕ್ಕಳನ್ನು ನಾಳೆ ಪಿಎಚ್‌ಸಿಗೆ ಕರೆದುಕೊಂಡು ಹೋಗುತ್ತೇವೆ, ಟಂಟಂ ಹೇಳಿದ್ದೇನೆ. ಆ ಹುಡುಗಿಯೂ ಒಬ್ಬಳು. "ಚಲೋನೇ ಇರ್ತದ" ಅಂದಿದ್ದೆನಲ್ಲ, ಚಲೋ ಇರಲಿಲ್ಲ. ಎಷ್ಟು ಅಂತ ಇಲ್ಲಿ ಬರೆಯುವುದಿಲ್ಲ, ಅದು ಅವಳದು. ಅವಳು ಚೀಟಿಯನ್ನು ಎರಡು ಸಲ ಓದಿದಳು, ಮಡಚಿ ಕಂಪಾಸ್ ಬಾಕ್ಸಿನಲ್ಲಿ ಇಟ್ಟುಕೊಂಡಳು.

ಬಾಗಿಲತನಕ ಹೋಗಿ ತಿರುಗಿ ಕೇಳಿದಳು: "ಗುಳಿಗೆ ತಗೊಂಡ ಮ್ಯಾಲೆ ಮತ್ತ ಯಾವಾಗ ನೋಡ್ತಾರ್ರಿ ಸರ್?"